ವೇಣುಗ್ರಾಮದ ದೊರೆ: ರಟ್ಟರ ನಾಲ್ಕನೆಯ ಕಾರ್ತವೀರ್ಯ

ಕುಲಗೋಡ ಅಂದ್ರೆ ಕ್ಯಾಂಪಸ್ಸಿನಲ್ಲಿ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಎಲ್ಲಿ ಬರ್ತದ ಅಂತ ಕೇಳ್ತಾರ. ಗೋಕಾಕದ ಕಡೆ ಅಂತ ಹೇಳಿದ್ರೆ ಕರದಂಟು, ಫಾಲ್ಸ್ ಎರಡೂ ನೆನಪಾಗ್ತಾವ, ಅಲ್ಲಿಗೆ ಮಾತು ಮುಗೀತು. ಬಯಲಾಟದ ಗೀಳು ಇದ್ದವರಿದ್ರೆ ಪಾರಿಜಾತದ ಕುಲಗೋಡ ತಮ್ಮಣ್ಣನ ಹೆಸರು ತೆಗೀತಾರ. ಆದರೆ ಈಗಿನ ಮೂಡಲಗಿ, ಗೋಕಾಕ, ಹುಕ್ಕೇರಿ ಸೀಮೆ ಒಂದು ಕಾಲಕ್ಕೆ ತನ್ನದೇ ದೊರೆ, ತನ್ನದೇ ಧ್ವಜ, ತನ್ನದೇ ಆಸ್ಥಾನಕವಿ ಇಟ್ಟುಕೊಂಡಿತ್ತು ಅನ್ನೋದು ನಮ್ಮ ಕಡೆಯವರಿಗೇ ಸರಿಯಾಗಿ ಗೊತ್ತಿಲ್ಲ. ಆ ಸೀಮೆಯ ಹೆಸರು ಕೂಂಡಿ ಮೂರುಸಾವಿರ. ಆಳಿದವರು ರಟ್ಟರು. ಅವರಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಏರಿದವನು ನಾಲ್ಕನೆಯ ಕಾರ್ತವೀರ್ಯ. ಈ ಸಲ ನಾವು ಬರೆಯಹೊರಟಿದ್ದು ಅವನ ಕಥೆ. ಅವನೊಬ್ಬನನ್ನೇ ಎತ್ತಿ ಹೇಳಲಿಕ್ಕೆ ಬರೋದಿಲ್ಲ, ಹಾಗಾಗಿ ಮನೆತನದಿಂದಲೇ ಶುರು ಮಾಡೋಣ.

ರಟ್ಟರು ತಮ್ಮನ್ನು ಲತ್ತಲೂರಪುರವರಾಧೀಶ್ವರರು ಅಂತ ಕರೆದುಕೊಳ್ಳುತ್ತಿದ್ದರು. ಲತ್ತಲೂರು ಅಂದ್ರೆ ಇವತ್ತಿನ ಮಹಾರಾಷ್ಟ್ರದ ಲಾತೂರು. ಅದೇ ಬಿರುದು ರಾಷ್ಟ್ರಕೂಟರಿಗೂ ಇತ್ತು. ರಟ್ಟ ಅನ್ನೋ ಹೆಸರೂ ರಾಷ್ಟ್ರಕೂಟ ಅನ್ನೋದರ ಇನ್ನೊಂದು ರೂಪ. ನಾವು ಆ ಚಕ್ರವರ್ತಿಗಳ ರಕ್ತ ಅನ್ನೋದು ಅವರ ಹೆಮ್ಮೆ. ಬಂಗಾರದ ಗರುಡನ ಧ್ವಜ, ಸಿಂಧೂರ ಲಾಂಛನ, ಮೆರವಣಿಗೆಯಲ್ಲಿ ತ್ರಿವಳಿ ಅನ್ನೋ ವಾದ್ಯ. ಬಿರುದಾವಳಿ ಅನ್ನೋದು ಆ ಕಾಲದ ರೆಸ್ಯೂಮೆ ಇದ್ದಂಗ, ಓದುವಾಗ ಅರ್ಧ ಕಳೆದು ಓದಬೇಕು. ಆದರೂ ಒಂದು ಮನೆತನ ತನ್ನ ಬಗ್ಗೆ ಏನಂತ ಅಂದುಕೊಂಡಿತ್ತು ಅನ್ನೋದನ್ನ ತಿಳೀಲಿಕ್ಕೆ ಅದಕ್ಕಿಂತ ಒಳ್ಳೆ ದಾರಿ ಇಲ್ಲ.

ಅವರ ಮೂಲ ಠಾಣ್ಯ ಸುಗಂಧವರ್ತಿ, ಅಂದರೆ ಸವದತ್ತಿ. ಇವತ್ತು ಸವದತ್ತಿಗೆ ಹೋದವರು ಕೋಟೆ ನೋಡಿ ಇದೇ ರಟ್ಟರ ಕೋಟೆ ಅಂದುಕೊಳ್ಳುತ್ತಾರೆ. ಅಲ್ಲ, ಆ ಕೋಟೆ ಹದಿನೆಂಟನೇ ಶತಮಾನದ್ದು, ಸಿರಸಂಗಿ ದೇಸಾಯರದ್ದು. ರಟ್ಟರ ಗುರುತು ಉಳಿದಿರೋದು ಕಲ್ಲಿನ ಮೇಲಿನ ಅಕ್ಷರದಲ್ಲಿ. ಸವದತ್ತಿಯ ಶಾಸನದ ಪ್ರಕಾರ ಮನೆತನದ ಮೊದಲ ದೊಡ್ಡ ಹೆಸರು ಪೃಥ್ವೀರಾಮ. ಅವನು ಜೈನ ಗುರುಗಳ ಶಿಷ್ಯ, ರಾಷ್ಟ್ರಕೂಟ ಕೃಷ್ಣನ ಕೃಪೆಯಿಂದ ಸಾಮಂತನಾದವನು, ಸುಗಂಧವರ್ತಿಯಲ್ಲಿ ಬಸದಿ ಕಟ್ಟಿಸಿದವನು. ಅವನ ಮಗ ಪಿಟ್ಟುಗ, ಪಿಟ್ಟುಗನ ಮಗ ಶಾಂತಿವರ್ಮ.

ಇಲ್ಲಿ ಕಥೆ ಒಂದು ತಿರುವು ತಗೊಳ್ತದ. 973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನು ಕೆಳಗಿಳಿಸಿದ. ರಾಷ್ಟ್ರಕೂಟ ರಕ್ತ ಅಂತ ಹೇಳಿಕೊಳ್ಳುತ್ತಿದ್ದ ರಟ್ಟರು ಏನು ಮಾಡಿದರು? ತೈಲಪನಿಗೇ ಕೈಮುಗಿದರು. 980ರಲ್ಲಿ ಶಾಂತಿವರ್ಮ ತೈಲಪನ ಸಾಮಂತನಾಗಿ ಸುಗಂಧವರ್ತಿಯ ಬಸದಿಗೆ 150 ಮತ್ತರು ಭೂಮಿ ದಾನ ಕೊಟ್ಟ. ಅದೇ 980ರಲ್ಲಿ, ನಾವೆಲ್ಲ ಮಳೆಗಾಲಕ್ಕೆ ಜಲಪಾತ ನೋಡಲಿಕ್ಕೆ ಹೋಗೋ ಸೊಗಲದ ಶಾಸನದಲ್ಲಿ ಇನ್ನೊಬ್ಬ ರಟ್ಟ ಕಾಣಿಸಿಕೊಳ್ಳುತ್ತಾನೆ: ನನ್ನನ ಮಗ ಕಾರ್ತವೀರ್ಯ, ಮನೆತನದ ಮೊದಲನೆಯ ಕಾರ್ತವೀರ್ಯ. ಅವನೂ ತೈಲಪನ ಸಾಮಂತನೇ, ಕೂಂಡಿಯ ಎಲ್ಲೆ ಗೊತ್ತುಮಾಡಿದವನು ಅನ್ನೋ ಹೆಸರು ಅವನಿಗೆ. ಒಂದೇ ವರ್ಷ, ಒಂದೇ ಸೀಮೆ, ಒಂದೇ ಕುಲದ ಎರಡು ಶಾಖೆ. ಅದಾದ ಮೇಲೆ ಶಾಂತಿವರ್ಮನ ಶಾಖೆಯ ಸದ್ದೇ ಇಲ್ಲ. ಮುಂದೆ ಇನ್ನೂರೈವತ್ತು ವರ್ಷ ಆಳಿದವರೆಲ್ಲ ನನ್ನನ ಸಂತತಿ. ಮನೆಯೊಳಗಿನ ಜಗಳವನ್ನು ಯಾರೂ ಕಲ್ಲಿನ ಮೇಲೆ ಕೊರೆಸೋದಿಲ್ಲ. ಆದರೆ ಹೊಸ ಚಕ್ರವರ್ತಿ ಬಂದಾಗ ಹಳೆಯ ಸಾಮಂತನ ಬದಲಿಗೆ ಅವನ ದಾಯಾದಿಯನ್ನು ಎತ್ತಿ ಕೂಡಿಸೋದು ಹೊಸದೇನಲ್ಲ, ಇಲ್ಲೂ ಹಾಗೇ ಆಗಿರಬೇಕು ಅನ್ನೋದು ನಮ್ಮ ಅಂದಾಜು.

ಮುಂದಿನ ನೂರೈವತ್ತು ವರ್ಷವನ್ನು ಬೇಗ ದಾಟಿಬಿಡೋಣ. ಎರಗ, ಅಂಕ, ಕಾಳಸೇನ, ಕನ್ನಕೈರ ಅಂತ ಹೆಸರುಗಳು ಬರ್ತಾವ, ಹೋಗ್ತಾವ. ಎಲ್ಲರೂ ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರರು. ಅಂದರೆ ಸ್ವಂತ ಸೀಮೆಯಲ್ಲಿ ರಾಜ, ಕಲ್ಯಾಣದ ಮುಂದೆ ಸೇವಕ. ಗೋಕಾಕ ಫಾಲ್ಸ್ ಹತ್ತಿರದ ಕೊಣ್ಣೂರಿನಲ್ಲಿ 1087ರ ಶಾಸನ ಇದೆ, ನಿಧಿಗಾವುಂಡ ಅನ್ನೋ ಊರ ಮುಖಂಡ ಬಸದಿ ಕಟ್ಟಿಸಿದ ವಿಷಯ ಅದರಲ್ಲಿದೆ. ತೇರದಾಳದಲ್ಲಿ ಗೊಂಕನೆಂಬ ಸ್ಥಳೀಯ ಒಡೆಯ 1123ರ ಹೊತ್ತಿಗೆ ನೇಮಿನಾಥನ ಬಸದಿ ಕಟ್ಟಿಸಿದ. ಹೀಗೆ ಚಕ್ರವರ್ತಿಯ ಕೆಳಗೆ ರಟ್ಟ, ರಟ್ಟನ ಕೆಳಗೆ ಗೊಂಕನಂಥವರು, ಅವರ ಕೆಳಗೆ ಗಾವುಂಡರು. ಮೂರುಸಾವಿರ ಅನ್ನೋ ಸಂಖ್ಯೆ ಹಳ್ಳಿಗಳ ಲೆಕ್ಕವೋ, ಕಂದಾಯದ ಲೆಕ್ಕವೋ ಅಂತ ವಿದ್ವಾಂಸರು ಇನ್ನೂ ವಾದಿಸ್ತಾ ಇದ್ದಾರೆ. ಸೀಮೆ ಮಾತ್ರ ಚಿಕ್ಕದಲ್ಲ: ಈಗಿನ ಬೆಳಗಾವಿ ಜಿಲ್ಲೆಯ ಬಹುಭಾಗ, ಅದರ ಜೊತೆಗೆ ಬಾಗಲಕೋಟೆ ಜಿಲ್ಲೆಯ ಅಂಚು.

ಈ ಸೀಮೆಯ ಪಡುವಲಕ್ಕೆ ಇಬ್ಬರು ಹಗೆಗಳು. ವಾಯವ್ಯಕ್ಕೆ ಕೊಲ್ಲಾಪುರ, ಪನ್ಹಾಳದ ಶಿಲಾಹಾರರು. ನೈಋತ್ಯಕ್ಕೆ ಗೋವೆಯ ಕದಂಬರು. ಮೂವರೂ ಚಾಲುಕ್ಯರ ಸಾಮಂತರು, ಮೂವರಿಗೂ ದೊಡ್ಡ ದೊಡ್ಡ ಬಿರುದು, ಮೂವರ ಕಣ್ಣೂ ಒಬ್ಬರ ಗಡಿಯ ಮೇಲೊಬ್ಬರದು. ಕಲ್ಯಾಣ ಗಟ್ಟಿಯಾಗಿದ್ದಷ್ಟು ದಿನ ಯಾರೂ ಬಾಲ ಬಿಚ್ಚುವಂತಿರಲಿಲ್ಲ. ಹನ್ನೆರಡನೇ ಶತಮಾನದ ನಡುವಿಗೆ ಆ ಗಟ್ಟಿತನ ಹೋಯಿತು. ಕಳಚುರಿ ಬಿಜ್ಜಳ ಕಲ್ಯಾಣವನ್ನೇ ವಶಮಾಡಿಕೊಂಡ. ಅದೇ ಕಲ್ಯಾಣದಲ್ಲಿ ಬಸವಣ್ಣನವರು, ಶರಣರು, ಆ ಕಥೆ ನಿಮಗೆ ಗೊತ್ತೇ ಇದೆ. ಕಳಚುರಿಗಳು ಹೋಗಿ ಚಾಲುಕ್ಯ ನಾಲ್ಕನೆಯ ಸೋಮೇಶ್ವರ ಕೆಲವು ವರ್ಷ ಮತ್ತೆ ಆಳಿದ, 1189ರ ಸುಮಾರಿಗೆ ಅವನೂ ಮರೆಯಾದ. ಉತ್ತರದಿಂದ ದೇವಗಿರಿಯ ಯಾದವರು, ದಕ್ಷಿಣದಿಂದ ಹೊಯ್ಸಳ ವೀರಬಲ್ಲಾಳ, ಇಬ್ಬರೂ ಚಾಲುಕ್ಯರ ಆಸ್ತಿಗೆ ಕೈಹಾಕಿ ಗದಗ ಕಡೆಯ ಸೊರಟೂರಿನಲ್ಲಿ ಬಡಿದಾಡಿದರು. ಅವರಿಬ್ಬರ ಬಡಿದಾಟದ ನಡುವೆ ಕೂಂಡಿಯ ಕಡೆ ತಿರುಗಿ ನೋಡಲಿಕ್ಕೆ ಯಾರಿಗೂ ಪುರುಸೊತ್ತು ಇರಲಿಲ್ಲ.

ಕಾರ್ತವೀರ್ಯ ಗದ್ದುಗೆ ಏರಿದ್ದು ಈ ಹೊತ್ತಿನಲ್ಲಿ. ತಂದೆ ಮೊದಲನೆಯ ಲಕ್ಷ್ಮೀದೇವ, ಲಕ್ಷ್ಮಣರಾಜ ಅಂತಲೂ ಕರೀತಾರೆ. ಲೀಲಾವತಿ ಬರೆದ ನೇಮಿಚಂದ್ರ ಕವಿಗೆ ಆಶ್ರಯ ಕೊಟ್ಟವನು ಅವನೇ. ತಾಯಿ ಚಂದಲದೇವಿ, ಹಗರಟಗೆ ನಾಡಿನ ಯಾದವ ಒಡೆಯರ ಮನೆಯ ಮಗಳು. ಈ ಸಂಬಂಧ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದ. ಕಾರ್ತವೀರ್ಯನ ಶಾಸನಗಳು 1199ರಿಂದ ಸಿಗ್ತಾವ, ಕೊನೆಯದು 1218ರದ್ದು. ಸಂಕೇಶ್ವರ, ರಾಯಬಾಗ, ಕಲ್ಲೋಳಿ, ಬೆಳಗಾವಿ, ಭೋಜ, ನೇಸರಗಿ: ಶಾಸನ ಸಿಕ್ಕ ಊರುಗಳನ್ನು ನಕ್ಷೆಯ ಮೇಲೆ ಚುಕ್ಕಿ ಇಟ್ಟು ಜೋಡಿಸಿದ್ರೆ ನಮ್ಮ ಬಸ್ ಪಾಸಿನ ರೂಟೇ ಆಗ್ತದ.

ಅವನು ಮಾಡಿದ ಮೊದಲ ದೊಡ್ಡ ಕೆಲಸ ಅಂದ್ರೆ ವೇಣುಗ್ರಾಮವನ್ನು ರಾಜಧಾನಿ ಮಾಡಿದ್ದು. ವೇಣುಗ್ರಾಮ ಅಂದರೆ ಬೆಳಗಾವಿ. ವೇಣುಗ್ರಾಮ ಎಪ್ಪತ್ತು ಅನ್ನೋ ಈ ಚಿಕ್ಕ ನಾಡು ಹನ್ನೆರಡನೇ ಶತಮಾನದಲ್ಲಿ ಗೋವೆಯ ಕದಂಬರ ಕೈಯಲ್ಲಿತ್ತು. ಶಿವಚಿತ್ತ ಪೆರ್ಮಾಡಿ, ಅವನ ತಮ್ಮ ವಿಷ್ಣುಚಿತ್ತ, ಆಮೇಲೆ ಮೂರನೆಯ ಜಯಕೇಶಿ. ಕದಂಬರ ಬಿಗಿ ಸಡಿಲಾದ ಹೊತ್ತು ನೋಡಿ ರಟ್ಟರು ಅದನ್ನು ಕಿತ್ತುಕೊಂಡರು. 1204ಕ್ಕೆ ಕಾರ್ತವೀರ್ಯ ವೇಣುಗ್ರಾಮದ ನೆಲೆವೀಡಿನಲ್ಲಿ ಸುಖವಾಗಿ ಕೂತು ತಮ್ಮ ಮಲ್ಲಿಕಾರ್ಜುನನನ್ನು ಯುವರಾಜ ಮಾಡಿಕೊಂಡು ಆಳುತ್ತಿದ್ದ.

ಎಪ್ಪತ್ತರ ಒಂದು ನಾಡಿಗಾಗಿ ಇಷ್ಟು ಹಟ ಯಾಕೆ? ಬೆಳಗಾವಿ ಇರೋ ಜಾಗ ನೋಡ್ರಿ. ಪಡುವಲಕ್ಕೆ ಘಟ್ಟ ಇಳಿದರೆ ಗೋವೆ, ಕದಂಬರ ಗೋಪಕಪಟ್ಟಣದ ಬಂದರು. ಮೂಡಲಕ್ಕೆ ಬಯಲುಸೀಮೆಯ ಹತ್ತಿ, ಜೋಳ, ದೊಡ್ಡ ಪೇಟೆಗಳು. ಘಟ್ಟ ಹತ್ತಿ ಬಂದ ಪ್ರತಿ ಹೇರು ಈ ಊರಿನ ಹತ್ತಿರ ಹಾದುಹೋಗಲೇಬೇಕು. ಇವತ್ತಿನ ಭಾಷೆಯಲ್ಲಿ ಅದೊಂದು ಟೋಲ್ ಗೇಟ್. ಸವದತ್ತಿಯಲ್ಲಿ ಕೂತವನಿಗೆ ಎರೆಭೂಮಿಯ ಕಂದಾಯ ಮಾತ್ರ. ಬೆಳಗಾವಿಯಲ್ಲಿ ಕೂತವನಿಗೆ ಕಂದಾಯದ ಜೊತೆಗೆ ಸುಂಕ. ಬೆಳಗಾವಿಯ 1204ರ ಶಾಸನದಲ್ಲಿ ಮುಮ್ಮುರಿದಂಡ ಅನ್ನೋ ವರ್ತಕ ಸಂಘದವರು, ಅವರ ಜೊತೆಗೆ ಗುಜರಾತಿನ ಲಾಳ ವರ್ತಕರು, ಮಲೆಯಾಳ ವರ್ತಕರು ಕೂಡಿ ಬಸದಿಗೆ ತಮ್ಮ ಸರಕಿನ ಮೇಲಿನ ಆಯ ಬಿಟ್ಟುಕೊಡುತ್ತಾರೆ. ಎಂಟುನೂರು ವರ್ಷದ ಹಿಂದೆ ಬೆಳಗಾವಿಯ ಪೇಟೆಯಲ್ಲಿ ಗುಜರಾತಿ, ಮಲೆಯಾಳಿ, ಕನ್ನಡ ಮೂರೂ ಕೇಳಿಸುತ್ತಿದ್ದವು ಅಂತಾಯಿತು.

ಆ ಬಸದಿಯೇ ರಟ್ಟ ಜಿನಾಲಯ. ಕಟ್ಟಿಸಿದವನು ರಾಜನಲ್ಲ, ರಾಜನ ಮಂತ್ರಿ ಬೀಚಿರಾಜ. ದಾನವನ್ನು ಶುಭಚಂದ್ರ ಭಟ್ಟಾರಕರ ಕೈಯಲ್ಲಿ ಒಪ್ಪಿಸಿದ್ದು 1204ರ ಡಿಸೆಂಬರಿನಲ್ಲಿ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯೂ ಇದೇ ಬೀಚಿರಾಜನ ಹೆಸರಿಗೆ, ಇದೇ ವರ್ಷಕ್ಕೆ ಸೇರಿದ್ದು. ಸಿವಿಲ್ ಬ್ರಾಂಚಿನ ಗೆಳೆಯರು ಇದನ್ನು ಒಮ್ಮೆಯಾದರೂ ನೋಡಬೇಕು. ಮಂಟಪದ ಮಾಳಿಗೆಯ ನಡುವಿನಿಂದ ಕೆಳಮುಖವಾಗಿ ಇಳಿಬಿದ್ದಿರುವ ಕಲ್ಲಿನ ಕಮಲ, ಎಪ್ಪತ್ತೆರಡು ದಳ. ಉಕ್ಕಿನ ಸರಳಿಲ್ಲ, ಸಿಮೆಂಟಿಲ್ಲ, ಸುತ್ತು ಸುತ್ತಾಗಿ ಒಳಕ್ಕೆ ಚಾಚಿದ ಕಲ್ಲುಗಳ ಭಾರವೇ ಒಂದನ್ನೊಂದು ಹಿಡಿದುಕೊಂಡಿದೆ. ಅದರ ಕೆಳಗೆ ನಿಂತು ತಲೆ ಎತ್ತಿದಾಗ ನಮ್ಮ ಸ್ಟ್ರಕ್ಚರಲ್ ಅನಾಲಿಸಿಸ್ ಪುಸ್ತಕ ಸ್ವಲ್ಪ ಸಣ್ಣದಾಗಿ ಕಾಣ್ತದ. ಕೋಟೆಯ ಈಗಿನ ಗೋಡೆಗಳು ಮಾತ್ರ ನಂತರದವರು ಬೆಳೆಸಿದ್ದು. ಇನ್ನು ಬೆಳಗಾವಿಯ ಆ ಶಾಸನದ ಕಲ್ಲುಗಳೆರಡು ಇರೋದು ಬೆಳಗಾವಿಯಲ್ಲಲ್ಲ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ.

ಅದೇ 1204 ನಮ್ಮ ಕುಲಗೋಡಕ್ಕೆ ಇನ್ನೂ ಹತ್ತಿರದ ಒಂದು ಊರಿಗೂ ಮುಖ್ಯ. ಈಗ ಮೂಡಲಗಿ ತಾಲೂಕಿಗೆ ಸೇರಿದ ಕಲ್ಲೋಳಿಗೆ ಆಗಿನ ಹೆಸರು ಕಲ್ಪೊಳೆ, ಕುರುಂಬೆಟ್ಟ ಕಂಪಣದ ಊರು. ಗೋಕಾಕ ಕಡೆಯ ಕುರಬೆಟ್ಟ ಯಾರಿಗೆ ಗೊತ್ತಿಲ್ಲ? ಆ ಹೆಸರು ಎಂಟು ಶತಮಾನ ಹಾಗೇ ಉಳಿದಿದೆ. ಕಲ್ಪೊಳೆಯಲ್ಲಿ ಶಾಂತಿನಾಥನ ಬಸದಿ ಕಟ್ಟಿಸಿದವನು ಹಗರಟಗೆಯ ಯಾದವ ಮನೆಯ ರಾಜರಸ, ಅಂದರೆ ಕಾರ್ತವೀರ್ಯನ ತಾಯಿಯ ತವರಿನವನು. ಸ್ವಂತ ದಾಯಾದಿಗಳ ಮೇಲೆ ಅಷ್ಟು ನಂಬಿಕೆ ಇಲ್ಲದ ಕಾಲದಲ್ಲಿ ತಾಯಿಯ ಕಡೆಯವರನ್ನು ತಂದು ಸೀಮೆಯ ನಟ್ಟನಡುವೆ ನೆಲೆನಿಲ್ಲಿಸೋದು ಬುದ್ಧಿವಂತರ ಕೆಲಸ. ಅವರಿಗೆ ಗದ್ದುಗೆಯ ಹಕ್ಕು ಇಲ್ಲ, ಆದರೆ ಗದ್ದುಗೆಯ ಮೇಲೆ ಅಳಿಯನ ಮನೆಯವ ಇದ್ದಷ್ಟು ದಿನ ಅವರದೂ ನಡೀತದ. ನಮ್ಮ ಹಳ್ಳಿಗಳಲ್ಲಿ ಪಂಚಾಯತಿ ಚುನಾವಣೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂದ ಹಾಗೆ, ಆ 1204ರಲ್ಲೇ ಯುರೋಪಿನ ಕ್ರುಸೇಡ್ ಸೈನ್ಯ ಕಾನ್‌ಸ್ಟಾಂಟಿನೋಪಲ್ ನಗರವನ್ನು ಲೂಟಿಮಾಡಿತ್ತು, ಎರಡು ವರ್ಷಕ್ಕೆ ತೆಮುಜಿನ್ ಎಂಬವನು ಚೆಂಗಿಸ್ ಖಾನನಾದ. ದೊಡ್ಡ ಸಾಮ್ರಾಜ್ಯಗಳು ಅಲುಗಾಡಿದ ಆ ಕಾಲದಲ್ಲಿ ಅಲ್ಲಲ್ಲಿ ಕಾರ್ತವೀರ್ಯನಂಥವರು ತಲೆ ಎತ್ತಿದರು. ಆಡ್ರಿಯಾಟಿಕ್ ಕಡಲ ದಂಡೆಯ ಕ್ರೊಯೇಷಿಯದಲ್ಲೂ ಇಂಥ ಒಡೆಯರ ಮನೆತನಗಳು ಹಂಗೇರಿಯ ರಾಜನಿಗೂ ವೆನಿಸ್ಸಿಗೂ ನಡುವೆ ಇದೇ ಆಟ ಆಡುತ್ತಿದ್ದವು: ಒಬ್ಬನಿಗೆ ಕೈಮುಗಿ, ಇನ್ನೊಬ್ಬನ ಬಂದರು ಹಿಡಿ, ಹೆಣ್ಣು ಕೊಟ್ಟು ತಂದು ನೆರೆಯವರನ್ನು ನೆಂಟರನ್ನಾಗಿ ಮಾಡಿಕೊ.

ಕಾರ್ತವೀರ್ಯನ ಆಸ್ಥಾನದಲ್ಲಿ ಓದುಬರಹಕ್ಕೆ ಬೆಲೆ ಇತ್ತು. ಪಾರ್ಶ್ವನಾಥ ಪುರಾಣ ಬರೆದ ಪಾರ್ಶ್ವಪಂಡಿತ ಅವನ ಆಸ್ಥಾನಕವಿ. ಪುಷ್ಪದಂತ ಪುರಾಣದ ಎರಡನೆಯ ಗುಣವರ್ಮನನ್ನು ಪೋಷಿಸಿದ ಶಾಂತಿವರ್ಮನೂ ಕಾರ್ತವೀರ್ಯನ ಕೈಕೆಳಗಿನವನೇ. ಮನೆತನ ಜೈನ, ಆದರೆ ಸೀಮೆಯಲ್ಲಿ ಶಿವಾಲಯಗಳಿಗೆ ಕೊರತೆ ಮಾಡಲಿಲ್ಲ. 1218ರ ಸುಮಾರಿನ ನೇಸರಗಿಯ ಶಾಸನ ಲಿಂಗದ ಗುಡಿಗಳ ದಾನದ್ದು.

ಮುನಿಚಂದ್ರದೇವರ ಬಗ್ಗೆ ಹೇಳದೆ ಮುಂದಕ್ಕೆ ಹೋಗಲಿಕ್ಕೆ ಮನಸ್ಸಿಲ್ಲ. ಇವರು ರಾಜಗುರು. ಆದರೆ ಮಂತ್ರ ಹೇಳಿ ಅಕ್ಷತೆ ಹಾಕಿ ಸುಮ್ಮನೆ ಕೂಡುವ ಗುರುವಲ್ಲ. ಕಾರ್ತವೀರ್ಯನಿಗೆ ಗುರು, ಅವನ ಮಗ ಲಕ್ಷ್ಮೀದೇವನಿಗೆ ಶಾಸ್ತ್ರದ ಜೊತೆಗೆ ಶಸ್ತ್ರವನ್ನೂ ಕಲಿಸಿದವರು, ಮಂತ್ರಿಯಾಗಿ ರಾಜ್ಯದ ಭಾರ ಹೊತ್ತವರು, ಯುದ್ಧದಲ್ಲೂ ಹೆಸರು ಮಾಡಿದವರು. ಸವದತ್ತಿಯ 1228ರ ಶಾಸನ ಅವರನ್ನು ರಾಜನಿಗಿಂತ ಹೆಚ್ಚೇ ಹೊಗಳುತ್ತದೆ. ಎರಡು ತಲೆಮಾರು ಒಬ್ಬನೇ ಮನುಷ್ಯ ರಾಜ್ಯವನ್ನು ಎತ್ತಿ ಹಿಡಿದಿದ್ದರೆ ಅದು ಆ ಮನುಷ್ಯನ ದೊಡ್ಡಸ್ತಿಕೆ. ಅದೇ ಹೊತ್ತಿಗೆ ಆ ರಾಜ್ಯಕ್ಕೆ ಬೇರೆ ಕಂಬ ಇರಲಿಲ್ಲ ಅನ್ನೋದೂ ಅದರಲ್ಲೇ ಇದೆ. ಒಂದೇ ಸಪೋರ್ಟಿನ ಮೇಲೆ ನಿಂತ ತೊಲೆ ಎಷ್ಟು ಲೋಡ್ ತಡೀತದ ಅಂತ ನಿಮಗೇ ಗೊತ್ತು.

ಲೋಡ್ ಬರತೊಡಗಿದ್ದು ಉತ್ತರದಿಂದ. ದೇವಗಿರಿಯಲ್ಲಿ ಯಾದವ ಸಿಂಘಣ ಗದ್ದುಗೆ ಏರಿದ್ದ. 1210ರ ದಶಕದಲ್ಲಿ ಅವನು ಪನ್ಹಾಳದ ಶಿಲಾಹಾರ ಎರಡನೆಯ ಭೋಜನನ್ನು ಮುಗಿಸಿ ಕೊಲ್ಲಾಪುರವನ್ನು ನುಂಗಿದ. ರಟ್ಟರ ಹಳೆಯ ಹಗೆ ಇಲ್ಲವಾದ. ಅದನ್ನು ಕೇಳಿ ವೇಣುಗ್ರಾಮದಲ್ಲಿ ಸಂತೋಷಪಟ್ಟರೋ ಏನೋ, ಆದರೆ ಸಂತೋಷಪಡುವ ಸುದ್ದಿ ಅದಾಗಿರಲಿಲ್ಲ. ಇಷ್ಟು ದಿನ ರಟ್ಟರಿಗೂ ದೇವಗಿರಿಗೂ ನಡುವೆ ಗೋಡೆಯಂತೆ ಇದ್ದವನೇ ಆ ಹಗೆ. ಗೋಡೆ ಬಿತ್ತು. 1223ಕ್ಕೆ ಮುನವಳ್ಳಿಯಲ್ಲಿ ಸಿಂಘಣನ ಶಾಸನ ಕಾಣಿಸ್ತದ, ಅವನ ಅಧಿಕಾರಿ ಪುರುಷೋತ್ತಮ ತೊರಗಲೆ ಆರುಸಾವಿರವನ್ನು ನೋಡಿಕೊಳ್ಳುತ್ತಿದ್ದ. ಮುನವಳ್ಳಿ ಎಲ್ಲಿ? ಸವದತ್ತಿಯ ಪಕ್ಕದಲ್ಲಿ, ಮಲಪ್ರಭೆಯ ದಂಡೆ. ಯಾದವರು ಬಾಗಿಲಿಗೆ ಬಂದಿರಲಿಲ್ಲ, ಪಡಸಾಲೆಗೇ ಬಂದು ಕೂತಿದ್ದರು.

ಕಾರ್ತವೀರ್ಯ ಇದನ್ನು ಪೂರ್ತಿ ನೋಡಲಿಲ್ಲ. 1218ರ ನಂತರ ಅವನ ಶಾಸನ ಇಲ್ಲ. ರಾಣಿ ಮಾದೇವಿಯಲ್ಲಿ ಹುಟ್ಟಿದ ಮಗ ಎರಡನೆಯ ಲಕ್ಷ್ಮೀದೇವ ಪಟ್ಟಕ್ಕೆ ಬಂದ. ಯುವರಾಜನಾಗಿದ್ದ ಚಿಕ್ಕಪ್ಪ ಮಲ್ಲಿಕಾರ್ಜುನನಿಗೆ ಗದ್ದುಗೆ ಹೋಗಲಿಲ್ಲ. ಹೊರಗೆ ಯಾದವರು ಕೂತಿದ್ದಾಗ ಮನೆಯೊಳಗೆ ಮಾತುಕತೆ ಹೇಗಿದ್ದಿರಬಹುದು ಅಂತ ನಾವು ಸುಮ್ಮನೆ ಊಹಿಸಬಹುದಷ್ಟೆ.

1228ರಲ್ಲಿ ಸುಗಂಧವರ್ತಿಯಲ್ಲಿ ಕೇಶಿರಾಜ ಎಂಬವನು ಮಲ್ಲಿಕಾರ್ಜುನ ದೇವರ ಗುಡಿ ಕಟ್ಟಿಸಿದ. ಲಕ್ಷ್ಮೀದೇವನ ಕಾಲದ ದೊಡ್ಡ ಶಾಸನ ಅದೇ. ಶಿವನ ಗುಡಿಯ ದಾನದಲ್ಲಿ ರಾಜಗುರು ಮುನಿಚಂದ್ರದೇವರ ಹೆಸರೇ ಮೆರೀತದ. ಆ ಹೊತ್ತಿಗೆ ಗುರುಗಳಿಗೆ ವಯಸ್ಸಾಗಿರಲೇಬೇಕು. ಇಡೀ ಶಾಸನ ಓದಿದರೆ ಮನೆತನ ಇನ್ನೂ ನೂರು ವರ್ಷ ಬಾಳುವ ಹುಮ್ಮಸ್ಸಿನಲ್ಲಿದೆ ಅನ್ನಿಸ್ತದ. ಗರುಡಧ್ವಜ, ಲತ್ತಲೂರು, ವೇಣುಗ್ರಾಮದ ನೆಲೆವೀಡು, ಒಂದು ಬಿರುದೂ ಕಡಿಮೆಯಾಗಿಲ್ಲ.

ಮುಂದಿನ ಹತ್ತು ವರ್ಷದೊಳಗೆ ಎಲ್ಲ ಮುಗಿಯಿತು. ಮುಗಿಸಿದವನು ಸಿಂಘಣನ ದಂಡನಾಯಕ, ಹೆಸರು ಬೀಚಣ. ಬಸದಿ ಕಟ್ಟಿಸಿದ ಬೀಚಿರಾಜ ಬೇರೆ, ಈ ಬೀಚಣ ಬೇರೆ, ಹೆಸರು ಒಂದೇ ತರಹ ಅಂತ ಗೊಂದಲ ಮಾಡಿಕೊಳ್ಳಬೇಡಿ. ಒಬ್ಬ ರಟ್ಟರ ರಾಜಧಾನಿಯನ್ನು ಅಲಂಕರಿಸಿದ, ಇನ್ನೊಬ್ಬ ಕಿತ್ತುಕೊಂಡ. ಹಾವೇರಿ ಕಡೆಯ ಹರಳಹಳ್ಳಿಯ 1238ರ ಶಾಸನದಲ್ಲಿ ಈ ಬೀಚಣ ಗೆದ್ದವರ ಪಟ್ಟಿ ಇದೆ. ರಟ್ಟರು, ಕೊಂಕಣದ ಕದಂಬರು, ಗುತ್ತರು, ಪಾಂಡ್ಯರು, ಹೊಯ್ಸಳರು, ಕೊನೆಗೆ ಕಾವೇರಿಯ ಹತ್ತಿರ ವಿಜಯಸ್ತಂಭ. ಮೊದಲೇ ಹೇಳಿದಂತೆ ಇಂಥ ಹೊಗಳಿಕೆಯಲ್ಲಿ ಅರ್ಧ ಕಳೀಬೇಕು. ಹೊಯ್ಸಳರು ಅದಾದ ಮೇಲೂ ನೂರು ವರ್ಷ ಇದ್ದರು. ಗೋವೆಯ ಕದಂಬರೂ ಹೇಗೋ ಜೀವ ಹಿಡಿದುಕೊಂಡರು. ರಟ್ಟರ ವಿಷಯದಲ್ಲಿ ಮಾತ್ರ ಕಳೆಯುವುದಕ್ಕೆ ಏನೂ ಇರಲಿಲ್ಲ. 1238ರ ಆಚೆಗೆ ಕೂಂಡಿ ಮೂರುಸಾವಿರವನ್ನು ಆಳಿದ ರಟ್ಟ ದೊರೆ ಒಬ್ಬನೂ ಇಲ್ಲ. ಎಪ್ಪತ್ತರ ನಾಡಿಗಾಗಿ ತಲೆಮಾರುಗಟ್ಟಲೆ ಬಡಿದಾಡಿದ ರಟ್ಟರೂ ಕದಂಬರೂ ಹರಳಹಳ್ಳಿಯ ಆ ಪಟ್ಟಿಯಲ್ಲಿ ಒಂದರ ಪಕ್ಕ ಒಂದು ಕೂತಿದ್ದಾರೆ.